ಸಗರನಾಡಿನ ಮೂರು ಊರುಗಳು

ಭೀಮೆ ಮತ್ತು ಕೃಷ್ಣೆಯರ ನಡುವಣ ಎರೆಭೂಮಿಯನ್ನು ಹಿರಿಯರು ಸಗರನಾಡೆಂದು ಕರೆದರು. ಯಾದಗಿರಿಯಲ್ಲಿ ಇಳಿದು, ಶಹಾಪುರವನ್ನು ಹಾದು, ಸುರಪುರವನ್ನು ಸೇರಬೇಕೆಂಬ ನಮ್ಮ ಬಹುದಿನದ ಬಯಕೆ ಈಚೆಗೆ ಕೈಗೂಡಿತು.

ಯಾದಗಿರಿಯು ಬೆಟ್ಟದ ಕೋಟೆಯ ಕೆಳಗೆ ಹಬ್ಬಿದ ಊರು. ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಾಗ ಈ ಊರಿನ ದೆಸೆ ತಿರುಗಿತು. ಭೀಮೆಯಾಚೆಯ ಎರಡು ಊರುಗಳಿಗೆ ಆ ಭಾಗ್ಯ ಒದಗಲಿಲ್ಲ. 2010ರಲ್ಲಿ ಹೊಸ ಜಿಲ್ಲೆಯಾದಾಗ ಅರಸರಿದ್ದ ಸುರಪುರವು ತಾಲ್ಲೂಕಾಗಿಯೇ ಉಳಿಯಿತು. ರೈಲುಗಾಡಿ ನಿಲ್ಲುವ ಯಾದಗಿರಿಯು ಜಿಲ್ಲಾ ಕೇಂದ್ರವಾಯಿತು.

ಭೀಮೆಯನ್ನು ದಾಟಿ ಶಹಾಪುರವನ್ನು ಸಮೀಪಿಸಿದಂತೆ ಬಂಡೆಗಲ್ಲಿನ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣಿಸುತ್ತದೆ. ಚರಬಸವೇಶ್ವರರ ಸನ್ನಿಧಿಗೆ ಶರಣು ಮಾಡಿ ನಾವು ವಿಭೂತಿಹಳ್ಳಿಗೆ ಹೋದೆವು. ಅಲ್ಲಿನ ಬಯಲಿನಲ್ಲಿ ದೊಡ್ಡ ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಇರಿಸಿದ್ದಾರೆ. ಅವು ಬೃಹತ್ ಶಿಲಾಯುಗದ ಜನರ ಕೈಗೆಲಸ. ಸಮೀಪದ ಗೋಗಿಯಲ್ಲಿ ಬಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫನ ಗೋರಿಯಿದೆ. ಗೋಳಗುಮ್ಮಟವನ್ನು ಕಾಣಲು ಸಾವಿರಾರು ಜನ ಹೋಗುತ್ತಾರೆ, ಆ ವಂಶವನ್ನು ಆರಂಭಿಸಿದವನು ಇಲ್ಲಿ ಮಲಗಿರುವುದನ್ನು ಬಲ್ಲವರು ವಿರಳ.

ಅಲ್ಲಿಂದ ಸುರಪುರಕ್ಕೆ ಹೋಗುವಾಗ ನಾರಾಯಣಪುರದ ಬಸವಸಾಗರದಿಂದ ಬರುವ ಕಾಲುವೆಯ ನೀರು ಕಣ್ಣಿಗೆ ಬೀಳುತ್ತದೆ. ತೊಗರಿ, ಜೋಳಗಳ ಸೀಮೆಯಲ್ಲಿ ಭತ್ತದ ಹಸುರು! ಆದರೂ ನೀರು ತಲುಪದ ಹಳ್ಳಿಗಳವರು ಇಂದಿಗೂ ಗುಳೆ ಹೋಗುತ್ತಾರೆ.

ಸುರಪುರವು ಬೆಟ್ಟಗಳ ಮಡಿಲಿನಲ್ಲಿ ಅಡಗಿದ ಊರು. ಇಲ್ಲಿಯ ನಾಯಕ ಅರಸರ ವಾಗಣಗೇರಿ ಕೋಟೆಗೆ 1705ರಲ್ಲಿ ಔರಂಗಜೇಬನೇ ಮುತ್ತಿಗೆ ಹಾಕಿದನು. ವೃದ್ಧ ಬಾದಶಹನ ಕೊನೆಯ ದೊಡ್ಡ ಮುತ್ತಿಗೆಯದು. ಕೋಟೆ ಅವನ ಕೈಸೇರಿತು, ಆದರೆ ನಾಯಕನು ಕೈಗೆ ಸಿಗಲಿಲ್ಲ.

ಊರಿನ ಬೆಟ್ಟದ ಮೇಲೆ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನು ಕಟ್ಟಿಸಿದ ಮನೆ, ಟೇಲರ್ ಮಂಜಿಲ್ ಇದೆ. ಏರುವಾಗ ನಮ್ಮ ಮೊಣಕಾಲುಗಳು ದೂರಿಕೊಂಡವು. ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಂಡ ಟೇಲರನು 1853ರಲ್ಲಿ ಆಡಳಿತವನ್ನು ಅವನಿಗೆ ಒಪ್ಪಿಸಿ ಹೊರಟುಹೋದನು. ಹುಡುಗನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನಂತೆ. ಐದೇ ವರುಷಗಳಲ್ಲಿ, 1858ರ ಫೆಬ್ರವರಿಯಲ್ಲಿ, ಅದೇ ಹುಡುಗ ಬ್ರಿಟಿಷರ ಮೇಲೆ ಕತ್ತಿ ಎತ್ತಿದನು. ಸೋತು ಹೈದರಾಬಾದಿನಲ್ಲಿ ಸೆರೆಯಾದನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಮರಣದಂಡನೆಯು ಇಳಿದಿಳಿದು ನಾಲ್ಕು ವರುಷಗಳ ಸೆರೆಯಾಯಿತು. ಆದರೆ ಸಾಗಿಸುತ್ತಿದ್ದಾಗ ದಾರಿಯಲ್ಲಿಯೇ ಗುಂಡೇಟಿನಿಂದ ಆತ ತೀರಿಕೊಂಡನು. ತಾನೇ ಹೊಡೆದುಕೊಂಡನೆಂದು ಆಂಗ್ಲರ ದಾಖಲೆ. ಅದನ್ನು ನಂಬದವರಿದ್ದಾರೆ, ನಮಗೂ ಸುಲಭವಾಗಿ ನಂಬಿಕೆ ಬಾರದು. 1860ರಲ್ಲಿ ಸುರಪುರವು ನಿಜಾಮನ ಪಾಲಾಯಿತು.

ಬೆಟ್ಟದಿಂದ ಇಳಿಯುವಾಗ ಒಂದು ವಿಷಯ ನಮ್ಮನ್ನು ಕಾಡಿತು. 'ಅಪ್ಪಾ' ಎಂಬ ಆ ಕರೆ ಟೇಲರನ ಆತ್ಮಕಥೆಯಿಂದ ಬಂದುದು. ವಿಭೂತಿಹಳ್ಳಿಯ ಕಲ್ಲುಗಳ ಕುರಿತು ಮೊದಲು ಬರೆದವನೂ ಆತನೇ. ನಮ್ಮವನೇ ಆದ ಹುಡುಗನ ಬಾಲ್ಯವನ್ನು ಅವನ ನಾಡನ್ನು ಆಳಲು ಬಂದವನ ಲೇಖನಿಯಿಂದ ತಿಳಿಯಬೇಕಾಯಿತಲ್ಲ! ಟೇಲರನಿಗೆ ಕೃತಜ್ಞರಾಗಿಯೂ ನಾವು ನಾಚಿದೆವು.

ಮರುದಿನ ಸುರಪುರ ಸೀಮೆಯ ಮುದನೂರಿಗೆ ಹೋದೆವು. ಬಸವಣ್ಣನವರಿಗಿಂತ ಹಿಂದಿನವರಾದ ದೇವರ ದಾಸಿಮಯ್ಯನವರ ಊರು. ಬಟ್ಟೆ ನೇಯುತ್ತ ಅವರು ಆಡಿದ ಮಾತುಗಳು ಯಾರ ಅನುವಾದವನ್ನೂ ಬೇಡದೆ, ಇದೇ ಸೀಮೆಯ ಕನ್ನಡದಲ್ಲಿ ಉಳಿದುಬಂದಿವೆ. ರಾಮನಾಥನ ಗುಡಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ನಮ್ಮ ಕೈಚೀಲದಲ್ಲಿ ಟೇಲರನ ಪುಸ್ತಕವಿತ್ತು. ಅದನ್ನು ಅಲ್ಲಿ ಹೊರತೆಗೆಯಲಿಲ್ಲ.