ಚೀಲದೊಳಗಿನ ಬೇಟೆ

ಬೇಟೆಯೆಂದೊಡನೆ ಎಲ್ಲರಿಗೂ ನೆನಪಾಗುವುದು ಹುಲಿ, ಆನೆ, ಅರಸುಮಕ್ಕಳ ಅಟ್ಟಣಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲಿನವರಾದ ನಮಗೆ ಆ ವೈಭವ ಎಲ್ಲಿಯದು? ಕಣ್ಣು ಹಾಯುವವರೆಗೆ ಎರೆಭೂಮಿ, ಅಲ್ಲೊಂದು ಇಲ್ಲೊಂದು ಜಾಲಿ, ಹಳ್ಳದ ದಂಡೆಗೆ ಒಂದಿಷ್ಟು ಕಂಟಿ. ಇಲ್ಲಿ ಬೇಟೆಯೆಂದರೆ ಮೊಲ, ಗೌಜಲಹಕ್ಕಿ, ಬುರ್ಲಿ, ಭಾಗ್ಯವಿದ್ದವನಿಗೆ ಚಿಗರಿ. ಈ ಸಣ್ಣ ಬೇಟೆಯ ವಿಷಯ ಬರೆಯಲು ನೆವವಾದದ್ದು ಅಮೇರಿಕೆಯಲ್ಲಿರುವ ನನ್ನ ಅಣ್ಣನ ಮಗ ಕಳುಹಿದ ಒಂದು ಭಾವಚಿತ್ರ.

ಚಿತ್ರದಲ್ಲಿ ಅವನು ಕರಿಯ ಹಲಗೆಯಂಥದೊಂದನ್ನು ಹಿಡಿದು ನಿಂತಿದ್ದ. ದೋಣಿಯ ಹುಟ್ಟಿನ ತುಂಡೆಂದುಕೊಂಡೆ. ಸಂಜೆಗೆ ಫೋನಿನಲ್ಲಿ ಅವನ ದನಿ: "ಕಾಕಾ, ಅದು ಬಂದೂಕರಿ! ಬಿಚ್ಚಿದ್ರ ಚೀಲದಾಗ ಹಿಡಸ್ತದ. ಊರಿಗಿ ತಂದ್ರ ಹ್ಯಾಂಗ? ಹೊಲದಾಗ ಮೊಲಾ ಹೊಡಿಲಿಕ್ಕೆ ಬರ್ತದ."

ಅದರ ಚಮತ್ಕಾರವನ್ನು ಮೆಚ್ಚಲೇಬೇಕು. ನಳಿಗೆ, ಯಂತ್ರಭಾಗ, ಗುಂಡಿನ ಪೆಟ್ಟಿಗೆ ಮೂರನ್ನೂ ಕಳಚಿ ಹೆಗಲಿಗಾನಿಸುವ ಹಿಡಿಯೊಳಗೇ ತುಂಬಿ ಮುಚ್ಚಳ ಹಾಕಿಬಿಡಬಹುದು. ಆಗ ಅದರ ಉದ್ದ ಒಂದೂವರೆ ಅಡಿಗಿಂತ ಕಡಿಮೆ. ತೂಕ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು. ನೀರಿಗೆ ಬಿದ್ದರೆ ತೇಲುತ್ತದೆ. ಹಾಕುವ ಗುಂಡು .22ರದು, ಮೊಲಕ್ಕೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಸಾಲದು. ಆರ್ಮಲೈಟ್ ಕಂಪನಿಗಾಗಿ ಯೂಜೀನ್ ಸ್ಟೋನರ್ ರೂಪಿಸಿದ ಈ ಎ.ಆರ್.-7 ಬಂದೂಕು 1959ರಲ್ಲಿ ಮಾರುಕಟ್ಟೆಗೆ ಬಂತು. 1963ರ ಜೇಮ್ಸ್ ಬಾಂಡ್ ಚಿತ್ರದಲ್ಲಿಯೂ ಅದು ಕಾಣಿಸಿಕೊಂಡಿತು. ಮೊಲದ ಬಂದೂಕಿಗೆ ಅದು ಕೊಂಚ ಹೆಚ್ಚಿನ ಮರ್ಯಾದೆಯೇ ಸರಿ.

ಇಂಥ ಬಂದೂಕುಗಳು ಹುಟ್ಟಿದ್ದು ವಿನೋದಕ್ಕಲ್ಲ. ವಿಮಾನ ಕೆಟ್ಟು ನಿರ್ಜನ ಪ್ರದೇಶದಲ್ಲಿ ಇಳಿದ ವೈಮಾನಿಕ, ಯಾರಾದರೂ ಹುಡುಕಿ ಬರುವವರೆಗೆ ಹೊಟ್ಟೆ ಹೊರೆಯಬೇಕಲ್ಲ! ಅಮೇರಿಕೆಯ ವಾಯುಪಡೆ ಅಂಥವನಿಗೆಂದೇ ಎಮ್-6 ಎಂಬ ಮಡಿಸುವ ಜೋಡುನಳಿಗೆಯನ್ನು ಕೊಟ್ಟಿತು. ಅದಕ್ಕೆ ಸಾಮಾನ್ಯ ಕುದುರೆಯ ಬದಲು ಒಂದು ಉದ್ದನೆಯ ಪಟ್ಟಿ. ಚಳಿಗೆ ದಪ್ಪ ಕೈಚೀಲ ತೊಟ್ಟವನೂ ಅದನ್ನು ಅದುಮಬಹುದು. ರಷ್ಯದ ಗಗನಯಾತ್ರಿಗಳಾದ ಲಿಯೊನೋವ್ ಮತ್ತು ಬೆಲ್ಯಾಯೆವ್ 1965ರ ಮಾರ್ಚಿಯಲ್ಲಿ ದಾರಿ ತಪ್ಪಿ ಹಿಮದ ಕಾಡಿನಲ್ಲಿ ಇಳಿದು ಎರಡು ರಾತ್ರಿ ಕಳೆದರು. ಆ ಅನುಭವದ ಫಲವಾಗಿ ಮುಂದೆ ಅಲ್ಲಿಯ ಗಗನಯಾತ್ರಿಗಳಿಗೆ ಮೂರು ನಳಿಗೆಯ ಪಿಸ್ತೂಲು ಬಂತು. ಅದರ ಹಿಡಿಯನ್ನು ಬಿಚ್ಚಿದರೆ ಅದೇ ಮಚ್ಚು!

ಇವೆಲ್ಲ ದಾರಿ ತಪ್ಪಿದವನ ಆಯುಧಗಳು. ನಮ್ಮ ಬಯಲಿನಲ್ಲಿ ದಾರಿ ತಪ್ಪದವನೂ ಒಬ್ಬ ಬೇಟೆಗಾರನಿದ್ದ. ಅವನ ಸಾಮಾನೂ ಒಂದು ಜೋಳಿಗೆಯಲ್ಲಿ ಹಿಡಿಯುತ್ತಿತ್ತು. ಅದರಲ್ಲಿ ಕಬ್ಬಿಣವೂ ಇರಲಿಲ್ಲ, ಮದ್ದೂ ಇರಲಿಲ್ಲ.

ಹರಣಶಿಕಾರಿಗಳನ್ನು ಕುರಿತು ಹೇಳುತ್ತಿದ್ದೇನೆ. ಅಡವಿಚಂಚರು, ಚಿಗರಿ ಬೇಟೆಗಾರರು, ಫಾಸೆ ಪಾರಧಿಗಳು ಎಂದೂ ಅವರಿಗೆ ಹೆಸರುಂಟು, ಫಾಸೆಯೆಂದರೆ ಉರುಲು. ನಾನು ಹುಡುಗನಾಗಿದ್ದಾಗ ಬಿಳಿಜೋಳದ ರಾಶಿ ಮುಗಿಯುತ್ತಲೇ ನಮ್ಮ ಹೊಲದ ಅಂಚಿಗೆ ಒಂದು ಕುಟುಂಬ ಬಂದು ಬಿಡಾರ ಹೂಡುತ್ತಿತ್ತು. ಯಜಮಾನ ನನ್ನನ್ನು ಹಿಂದೆ ಕರೆದುಕೊಂಡು ಹೋಗುತ್ತಿದ್ದ, ಕೆಮ್ಮಬಾರದೆಂಬ ಕರಾರಿನ ಮೇಲೆ. ಗೇಣುದ್ದದ ಬಿದಿರ ಗೂಟಗಳು, ಗೂಟಗೂಟಕ್ಕೂ ನರದಿಂದ ಹೊಸೆದ ಸಣ್ಣ ಉರುಲು, ಎಲ್ಲಕ್ಕೂ ಒಂದೇ ದಾರ. ಹಕ್ಕಿಗಳು ಓಡಾಡುವ ಜಾಡನ್ನು ಮಣ್ಣಿನಲ್ಲಿ ಓದಿ, ಅದಕ್ಕೆ ಅಡ್ಡಲಾಗಿ ಸರವನ್ನು ನೆಡುತ್ತಿದ್ದ. ಆಚೆಗೆ ಪಂಜರದೊಳಗೆ ಸಾಕಿದ ಗೌಜಲಹಕ್ಕಿ. ಅದು ಕೂಗಿತೆಂದರೆ ಹೊಲದ ಗಂಡುಹಕ್ಕಿಗೆ ರೋಷ. ಜಗಳಕ್ಕೆಂದು ಓಡಿ ಬಂದು ಉರುಲಿಗೆ ಬೀಳುತ್ತಿತ್ತು. ಚಿಗರಿಗೆ ಬೇರೆ ಉಪಾಯ: ಪಳಗಿಸಿದ ಎತ್ತಿನ ಮರೆಯಲ್ಲಿ, ಅದು ಮೇಯುತ್ತ ಹೋದಂತೆ ತಾನೂ ಹೆಜ್ಜೆ ಹಾಕುವುದು. ಮೊಟ್ಟೆಯಿಡುವ ದಿನಗಳಲ್ಲಿ ಮಾತ್ರ ಆತ ಸರ ಬಿಚ್ಚುತ್ತಿರಲಿಲ್ಲ. ಕೇಳಿದರೆ, "ಮುಂದಿನ ವರ್ಷ ಏನ ತಿನ್ನೂಣು, ಸಣ್ಣ ಗೌಡ್ರ?" ಎನ್ನುತ್ತಿದ್ದ.

ಈ ಜನರ ಮೇಲೆ ಸರ್ಕಾರಗಳ ಕಣ್ಣು ಬಿದ್ದದ್ದು ಇಂದು ನಿನ್ನೆಯಲ್ಲ. ಬ್ರಿಟಿಷರು 1871ರ ಕಾಯಿದೆಯಿಂದ ಎಷ್ಟೋ ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದರು. ಮುಂದೆ ಹರಣಶಿಕಾರಿಗಳನ್ನೂ ಆ ಪಟ್ಟಿಗೆ ಸೇರಿಸಿ, ಬಿಜಾಪುರದ ಸೆಟ್ಲಮೆಂಟಿನಲ್ಲಿ ಕೂಡಿಹಾಕಿ ಹಾಜರಿ ಹಿಡಿದರು. ಆ ಕಳಂಕ ಕಾಗದದ ಮೇಲೆ ಅಳಿದದ್ದು 1952ರಲ್ಲಿ. ಅದಕ್ಕೂ ಮೊದಲು, 1857ರಲ್ಲಿ, ಆಯುಧಗಳನ್ನು ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಆಯುಧವೆಂಬುದು ಒಬ್ಬನಿಗೆ ಷೋಕಿ, ಇನ್ನೊಬ್ಬನಿಗೆ ಅನ್ನದ ಪಾತ್ರೆ; ಕಾಯಿದೆಗೆ ಈ ಭೇದ ತಿಳಿಯುವುದು ಕಡಿಮೆ.

ಅಣ್ಣನ ಮಗನಿಗೆ ನಾನು ಹೇಳಿದ್ದಿಷ್ಟೆ: "ತಮ್ಮಾ, ಬಂದೂಕು ಅಲ್ಲೇ ಇಟ್ಟು ನೀನಷ್ಟ ಬಾ." ಲೈಸೆನ್ಸಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ 1959ರ ಆಯುಧ ಕಾಯಿದೆಯಂತೆ ಅಪರಾಧ. ಲೈಸೆನ್ಸಿದ್ದರೂ ಮೊಲ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಮೊದಲು ಕೆಲವಕ್ಕೆ ಪರವಾನಿಗೆ ಕೊಡುತ್ತಿತ್ತು, 1991ರ ತಿದ್ದುಪಡಿ ಅದನ್ನೂ ನಿಲ್ಲಿಸಿತು. ಬಲೆ, ಉರುಲುಗಳೂ ಆ ಕಾಯಿದೆಯ ಲೆಕ್ಕದಲ್ಲಿ ಬೇಟೆಯೇ.

ಕಾಯಿದೆ ಬೇಡವೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಜೀಪಿನ ದೀಪದ ಬೆಳಕಿನಲ್ಲಿ ಹೊಡೆಯುವವರು ಒಂದು ಚಿಗರಿಯನ್ನೂ ಉಳಿಸುತ್ತಿರಲಿಲ್ಲ. ಆದರೆ ಹಕ್ಕಿಗೆ ರಕ್ಷಣೆ ಕೊಟ್ಟವರು ಹಕ್ಕಿ ಹಿಡಿದು ಬದುಕುತ್ತಿದ್ದವನಿಗೆ ಒಂದೆಕರೆ ಎರೆಯನ್ನಾದರೂ ಕೊಟ್ಟಿದ್ದರೆ! ಕಾಲುವೆ ಬಂತು, ಕಬ್ಬು ಬಂತು, ಇಂಡಿಯ ಲಿಂಬೆಗೆ ಹೆಸರು ಬಂತು. ಬದುವಿನ ಕಂಟಿ ಹೋಯಿತು. ಆತನ ಮೊಮ್ಮಕ್ಕಳು ಈಗ ಕಬ್ಬು ಕಡಿಯಲು ಹೋಗುತ್ತಾರೆ. ಸರವನ್ನು ಸಂತೆಯಲ್ಲಿ ಯಾರೋ ಅಧಿಕಾರಿಗಳು ಕಸಿದುಕೊಂಡರಂತೆ; ಎತ್ತು ಎಂದೋ ಮಾರಿಹೋಗಿದೆ.

ಕಳೆದ ಮಾಗಿಯಲ್ಲಿ ಮುದುಕ ಸಿಕ್ಕಿದ್ದ. ಇಬ್ಬರೂ ಹೊಲದ ದಾರಿಯಲ್ಲಿ ನಡೆದೆವು. ಕಡಲೆಯ ಹೊಲದ ಬಳಿ ಆತ ನಿಂತು, ಬಾಯಿಗೆ ಅಂಗೈ ಹಿಡಿದು ಗೌಜಲಹಕ್ಕಿಯ ಕೂಗು ಕೂಗಿದ. ಆಚೆಯ ಬದುವಿನಿಂದ ಉತ್ತರ ಬಂತು. ತಲೆ ವಾರೆ ಮಾಡಿ ಕೇಳಿ, "ಗಂಡು ಒಂದು, ಹೆಣ್ಣು ಎರಡು ಅದಾವ್ರಿ ಗೌಡ್ರ" ಎಂದು ಚಹದಂಗಡಿಯ ಕಡೆ ಹೆಜ್ಜೆ ಹಾಕಿದ.