ಬಳೆಗಾರರ ಗುಂಡಿನವರೆಗೆ

ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಈಗ ನಡೆಯುವುದೆಂದರೆ ಗೋಡೆಯ ಪಕ್ಕ ನಡೆಯುವುದು. ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಶೇಂಗಾ ಹೊಲ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿಕೊಂಡ ದನಗಳ ಮೇವಿನ ನೆಲವಿದು. ಸರ್ಕಾರ ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆಯನ್ನು ಸಂಶೋಧನೆ, ರಕ್ಷಣೆ, ಸೋಲಾರ್ ಎಂದು ಹಂಚಿತು. ಅದರಲ್ಲಿ ಉಳ್ಳಾರ್ತಿ ಕಾವಲಿನ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿತು. ದೇಶಕ್ಕೆ ವಿಜ್ಞಾನ ಬೇಕು, ಒಪ್ಪುತ್ತೇನೆ. ಆದರೆ ಊರಿಂದ ಊರಿಗೆ, ಹಟ್ಟಿಯಿಂದ ದೇವರಿಗೆ ತುಳಿದು ತುಳಿದು ಆದ ಕಾಲುದಾರಿಗೆ ಯಾವ ನಕ್ಷೆಯಲ್ಲೂ ಗೆರೆ ಇರಲಿಲ್ಲ. ಗೆರೆ ಇಲ್ಲದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಗೋಡೆಯ ನೆರಳಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಒಬ್ಬ ಅಜ್ಜ, ಹೆಗಲ ಮೇಲೆ ಕರಿ ಕಂಬಳಿ, ನನ್ನ ಚೀಲ ನೋಡಿ ಕೇಳಿದರು: "ಯಾವ ಕಡೆಗೆ ಸ್ವಾಮಿ?"

"ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಅಜ್ಜ."

"ಹೋಗ್‌ಬರ್ರಿ. ಅಲ್ಲಿ ಇನ್ನೂ ಗೋಡೆ ಹಾಕಿಲ್ಲ."

ಅವರು ಕುಹಕವಾಡಲಿಲ್ಲ, ಇದ್ದದ್ದನ್ನು ಹೇಳಿದರು. ಆ ಮಾತು ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಬಳ್ಳಾರಿ ರಸ್ತೆಯ ಬಸ್ಸು, ಧೂಳು, ಮೊಳಕಾಲ್ಮುರು ಸೀಮೆಯ ಬಿಸಿಲು, ಎಲ್ಲ ಕಳೆದು ಅಶೋಕ ಸಿದ್ದಾಪುರದಲ್ಲಿ ರಾತ್ರಿ ತಂಗಿದೆ.

ಬೆಳಕು ಹರಿಯುವ ಮೊದಲೇ ಬ್ರಹ್ಮಗಿರಿಯ ಬುಡಕ್ಕೆ ಹೋದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಸೀಮೆಯ ಮೂರು ಕಡೆ, ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ, ಅಶೋಕನ ಶಾಸನಗಳನ್ನು ಗುರುತಿಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲೇ ಅಗೆಸಿದರು. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಬಂಡೆಯ ಮೇಲಿದೆ. ತಂದೆ ತಾಯಿಯ ಮಾತು ಕೇಳು, ಜೀವಿಗಳ ಮೇಲೆ ದಯೆ ಇಡು, ಸತ್ಯ ನುಡಿ, ಗುರುವನ್ನು ಗೌರವಿಸು ಎಂಬುದು ಅದರ ಸಾರ. ಕೆತ್ತಿದ ಲಿಪಿಕಾರನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯುವ್ಯ ಗಡಿಯ ಲಿಪಿ. ಅಲ್ಲಿನ ಅಕ್ಷರ ಕಲಿತವನೊಬ್ಬ ಈ ಬಯಲಿಗೆ ಬಂದು ಕುಳಿತು ಉಳಿ ಹಿಡಿದಿದ್ದ. ಅವನು ಬಂದ ದಾರಿಯೂ ಕಾಲುದಾರಿಯೇ ಇದ್ದಿರಬೇಕು.

ಅಲ್ಲಿಂದ ಜಟಿಂಗ ರಾಮೇಶ್ವರಕ್ಕೆ ನಡೆದೆ. ದಾರಿಯಲ್ಲಿ ಜಾಲಿ, ಕಮರದ ಮರ, ಒಣ ಹುಲ್ಲು. ಆಮೇಲೆ ಬಂಡೆ, ಬಂಡೆಯ ಮೇಲೆ ಬಂಡೆ. ಬೆಟ್ಟದ ಎತ್ತರ 3,469 ಅಡಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಹತ್ತಿದಷ್ಟೂ ಕೆಳಗಿನ ಬಯಲು ಅಗಲವಾಗುತ್ತದೆ, ಅದರ ನಡುವೆ ಒಂದೊಂದೇ ಗುಡ್ಡ ಎದ್ದು ನಿಲ್ಲುತ್ತದೆ. ಸೀತೆಯನ್ನು ಹೊತ್ತೊಯ್ಯುವ ರಾವಣನನ್ನು ತಡೆದ ಜಟಾಯು ಬಿದ್ದದ್ದು ಇಲ್ಲಿ, ರಾಮ ಲಿಂಗ ಸ್ಥಾಪಿಸಿದ್ದು ಇಲ್ಲಿ ಎಂಬುದು ಸ್ಥಳದ ಕಥೆ. ಲೇಪಾಕ್ಷಿಯವರೂ ಇದೇ ಹೇಳುತ್ತಾರೆ. ಕೇರಳದ ಚಡಯಮಂಗಲದವರೂ ಇದನ್ನೇ ಹೇಳಿ, ಬೆಟ್ಟದ ಮೇಲೆ 200 ಅಡಿ ಉದ್ದದ ಜಟಾಯುವನ್ನು ಮಲಗಿಸಿ, ಕೇಬಲ್ ಕಾರು ಇಟ್ಟು, ಟಿಕೆಟ್ ಹರಿಯುತ್ತಾರೆ. ಇಲ್ಲಿ ಟಿಕೆಟ್ ಇಲ್ಲ, ಸಾಲು ಇಲ್ಲ, ಮೈಕಿನ ಭಕ್ತಿಗೀತೆಯೂ ಇಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಜಟಾಯು.

ಅರ್ಧ ದಾರಿಯಲ್ಲಿ ಒಂದು ಸಂಸಾರ ಬಂಡೆಯ ನೆರಳಿಗೆ ಕುಳಿತಿತ್ತು. ಹರಕೆಯಂತೆ, ಸೊಸೆಗೆ ಮಗುವಾಗಿತ್ತು. "ಬರಣ್ಣ, ಕೂತ್ಕ" ಎಂದ ಆ ತಾಯಿ ನನ್ನ ಜಾತಿ ಕೇಳಲಿಲ್ಲ, ಊರು ಕೇಳಿದರು. ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, ಅದರ ಮೇಲೆ ಗಟ್ಟಿ ಮೊಸರು ಬಿಟ್ಟು ಕೈಗೇ ಕೊಟ್ಟರು. ಬೇಡ ಎಂದರೆ ಇನ್ನೊಂದು. ಮಗುವಿಗೂ ಬೆರಳ ತುದಿಯಲ್ಲಿ ಮೊಸರು. ಮನೆಯ ಎತ್ತು ಮಾರಿದ್ದನ್ನು ಆ ಮಾವ ಹೇಳಿದರು. ಮೇಯಲು ಜಾಗ ಉಳಿದಿಲ್ಲ, ಒಣಮೇವಿನ ದರ ಕೈಗೆಟುಕದು. ಮಾರಿದ ದಿನ ಯಾರೂ ಊಟ ಮಾಡಲಿಲ್ಲವಂತೆ. ಅಷ್ಟು ಹೇಳಿ ಅವರು ಮೊಮ್ಮಗನ ಕಡೆ ತಿರುಗಿದರು. ಉಪವಾಸದ ಮನೆಯಿಂದ ಬಂದ ರೊಟ್ಟಿ ನನ್ನ ಕೈಯಲ್ಲಿತ್ತು. ದಯೆಯ ಶಾಸನ ಓದಿ ಬಂದವನಿಗೆ ಅದರ ಅರ್ಥ ಗೊತ್ತಾದದ್ದು ಇಲ್ಲಿ.

ಮೇಲೆ ರಾಮೇಶ್ವರನ ಗುಡಿ. ಮೊದಲು ಇಟ್ಟಿಗೆಯದಿತ್ತಂತೆ, 962ರಲ್ಲಿ ಕಲ್ಲಿನದಾಯಿತು ಎಂದು ಗೆಜೆಟಿಯರ್ ದಾಖಲಿಸಿದೆ. ಗುಡಿಯ ಬಳಿಯ ಬಂಡೆಯ ಮೇಲೆ ಅಶೋಕನ ಅದೇ ಆಜ್ಞೆ ಇನ್ನೊಮ್ಮೆ, ಆದರೆ ಬಹಳ ಸವೆದು ಹೋಗಿದೆ. ಜನ ಅದನ್ನು ಬಳೆಗಾರರ ಗುಂಡು ಎನ್ನುತ್ತಿದ್ದರು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅದರ ಮೇಲೆಯೇ. ಅಕ್ಷರ ಓದಲಾಗದೆ ನೊಂದ ವಿದ್ವಾಂಸರ ಸಂಕಟ ನನಗೂ ಇದೆ. ಆದರೂ ಆ ಬಂಡೆಯ ಎದುರು ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಕೈ ಚಾಚಿ ಕುಳಿತಿರಬಹುದು ಎಂದು ಯೋಚಿಸಿದರೆ ಕೋಪ ಬರುವುದಿಲ್ಲ. ಕೋಪ ಬರುವುದು ಈಗಿನವರ ಮೇಲೆ. ಬಂಡೆಗಳ ಮೇಲೆ ಬಣ್ಣದಲ್ಲಿ ಹೆಸರು ಗೀಚಿದವರು, ಪೊದೆಗೆ ನೀರಿನ ಬಾಟಲಿ, ಗುಟ್ಕಾ ಚೀಟಿ ಎಸೆದವರು. ಬಳೆಗಾರರು ಹೊಟ್ಟೆಪಾಡಿಗೆ ಕೂತಿದ್ದರು, ಇವರಿಗೆ ಆ ಕಾರಣವೂ ಇಲ್ಲ.

ಇಳಿಯುವಾಗ ಆ ಸಂಸಾರ ಹತ್ತುತ್ತಿತ್ತು. ಮಗು ಅಜ್ಜನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಕಾವಲಿನ ಜನ ಕೇಳುವುದರಲ್ಲಿ ದೊಡ್ಡದೇನೂ ಇಲ್ಲ. ಗೋಡೆ ಕಟ್ಟಿದ ಕಡೆ ಹಳೆಯ ದಾರಿ ಇತ್ತೇ ಎಂದು ಊರಿನ ಹಿರಿಯರನ್ನು ಕೇಳಿ, ಇದ್ದರೆ ಅದನ್ನು ಬಿಡಿಸಿಕೊಡಬೇಕು. ಈ ಬೆಟ್ಟಕ್ಕೆ ಹೋಗುವವರಿಗೂ ಒಂದು ಮಾತು: ಬಿಸಿಲೇರುವ ಮೊದಲೇ ಹೊರಡಿ, ನೀರು ಒಯ್ಯಿರಿ, ಬಾಟಲಿ ವಾಪಸ್ ತನ್ನಿ, ಅಕ್ಷರವಿರುವ ಬಂಡೆಯ ಮೇಲೆ ಕಾಲಿಡಬೇಡಿ.