ಡಿಕ್ಕಿಯೊಳಗಿನ ಕೋವಿ

ನಮ್ಮ ಸೋದರಮಾವನವರ ಬಳಿ ಒಂದು ಒಂಟಿನಳಿಗೆಯ ಕೋವಿಯಿದೆ. ಕನಕಪುರ ತಾಲ್ಲೂಕಿನ ಕಾಡಂಚಿನಲ್ಲಿ ಅವರ ರಾಗಿಯ ಹೊಲ. ಹಂದಿಗಳ ಹಾವಳಿಗಾಗಿ ಪಡೆದ ಬೆಳೆ ರಕ್ಷಣೆಯ ಪರವಾನಗಿ. ಆ ಕೋವಿಯಿಂದ ಒಂದು ಹಂದಿಯಾದರೂ ಸತ್ತುದನ್ನು ಕಂಡವರಿಲ್ಲ. ಸದ್ದು ಮಾಡುವುದಷ್ಟೇ ಅದರ ಉದ್ಯೋಗ. ಈ ವಿಷಯದಲ್ಲಿ ಅಧ್ಯಾಪಕನಾದ ನನಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ.

ಮೊನ್ನೆ ಪರವಾನಗಿಯ ನವೀಕರಣದ ಕಾಲ ಬಂತು. 2019ರ ತಿದ್ದುಪಡಿಯ ನಂತರ ಈ ಯೋಗ ಮೂರು ವರ್ಷಕ್ಕಲ್ಲ, ಐದು ವರ್ಷಕ್ಕೊಮ್ಮೆ. “ಅಳಿಯಾ, ನಿನ್ನ ಕಾರಿನಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋಗಪ್ಪ. ಇದನ್ನು ಹಿಡಿದು ಬಸ್ಸು ಹತ್ತಿದರೆ ಪಕ್ಕದವರು ಇಳಿದುಹೋಗುತ್ತಾರೆ” ಎಂದರು ಮಾವ. ಬರಿದಾದ ಕೋವಿಯನ್ನು ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಹೊರಟೆವು.

ಕಚೇರಿ ತೆರೆಯಲು ಹೊತ್ತಿತ್ತು. ಉತ್ತರಪತ್ರಿಕೆಗಳ ಕಟ್ಟನ್ನು ಒಪ್ಪಿಸಿ ಬರೋಣವೆಂದು ಕಾರನ್ನು ಕಾಲೇಜಿನ ಆವರಣಕ್ಕೆ ತಂದು ಹೊಂಗೆಯ ನೆರಳಿನಲ್ಲಿ ನಿಲ್ಲಿಸಿದೆ. ಮಾವ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಧಾರಣೆ ವಿಚಾರಿಸಿ ಬರುವೆನೆಂದು ಹೊರಟರು. ಬೀಗದ ಕೈ ನನ್ನ ಜೇಬಿನಲ್ಲಿ.

ಅಧ್ಯಾಪಕರ ಕೊಠಡಿಯಲ್ಲಿ ಸ್ವಲ್ಪ ಜಂಬದಿಂದಲೇ ಈ ಸಂಗತಿಯನ್ನು ಹೇಳಿದೆ. ಕಾನೂನನ್ನೂ ಓದಿಕೊಂಡಿದ್ದ ನಮ್ಮ ರಾಜ್ಯಶಾಸ್ತ್ರದ ಮಿತ್ರರು ಕಾಫಿಯ ಲೋಟವನ್ನು ಕೆಳಗಿಟ್ಟರು.

“ಮೇಷ್ಟ್ರೇ, ಪರವಾನಗಿಯ ಷರತ್ತುಗಳನ್ನು ಓದಿದ್ದೀರಾ? ಜಾತ್ರೆ, ಧಾರ್ಮಿಕ ಮೆರವಣಿಗೆ, ಜನಸಂದಣಿ, ವಿದ್ಯಾಸಂಸ್ಥೆಯ ಆವರಣ—ವಿಶೇಷ ಅನುಮತಿಯಿಲ್ಲದೆ ಇಲ್ಲಿಗೆಲ್ಲ ಆಯುಧ ತರುವಂತಿಲ್ಲ. ಷರತ್ತು ಮೀರಿದರೆ 1959ರ ಶಸ್ತ್ರಾಸ್ತ್ರ ಅಧಿನಿಯಮದ 30ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.”

“ಪರವಾನಗಿ ಮಾವನವರದು.”

“ಕಾರು ನಿಮ್ಮದು, ಬೀಗದ ಕೈ ನಿಮ್ಮದು. ನವೀಕರಣಕ್ಕೋ ರಿಪೇರಿಗೋ ಪರವಾನಗಿಯಿಲ್ಲದವನು ಕೋವಿಯನ್ನು ಒಯ್ಯಬಹುದು, ನಿಜ. ಆದರೆ ಒಡೆಯನು ಜೊತೆಗಿರಬೇಕು ಅಥವಾ ಬರೆದುಕೊಟ್ಟಿರಬೇಕು. ಎರಡೂ ಇಲ್ಲದಿದ್ದರೆ 25ನೆಯ ಕಲಮು. ಎರಡು ವರ್ಷಕ್ಕೆ ಕಡಿಮೆಯಿಲ್ಲ, ಐದರವರೆಗೂ ಹೋಗಬಹುದು.” ಅಷ್ಟಕ್ಕೇ ಬಿಡದೆ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯ ವಿನಾಯಿತಿಯಿರುವುದನ್ನೂ, ಕೈಲ್‌ಪೋದಿನಲ್ಲಿ ಅವರು ಕೋವಿಗೆ ಪೂಜೆ ಸಲ್ಲಿಸುವುದನ್ನೂ ವರ್ಣಿಸಿದರು. ರಾಗಿಮುದ್ದೆಯ ಸೀಮೆಯವನಾದ ನನಗೆ ಅದರಿಂದ ಬಂದ ಸಮಾಧಾನವೇನು?

ಓಡಿದೆ. ಕಾರಿನ ಸುತ್ತ ನಾಲ್ಕಾರು ಹುಡುಗರು ಒರಗಿ ನಿಂತಿದ್ದರು. ಒಬ್ಬನಂತೂ ಡಿಕ್ಕಿಯ ಮೇಲೆಯೇ ಕುಳಿತಿದ್ದ. ಅವರನ್ನು ಗದರಿಸಿ ಅಟ್ಟಿದೆ. ಮುಂದೇನು? ಕಾರನ್ನು ಹೊರಗೆ ಒಯ್ದರೆ ಮಾವನಿಲ್ಲದೆ ಕೋವಿಯನ್ನು ಒಯ್ದಂತೆ; ಅಲ್ಲಿಯೇ ಬಿಟ್ಟರೆ ಆವರಣದ ಷರತ್ತು. ಬಿಟ್ಟುಹೋದ ಮೇಲೆ ಯಾರಾದರೂ ಗಾಜಿಗೆ ಕಲ್ಲು ಹಾಕಿ ಒಯ್ದರೆ? ಕೂಡಲೇ ಠಾಣೆಗೆ ತಿಳಿಸಬೇಕೆಂಬುದೂ ಒಂದು ಷರತ್ತೇ. ಆದರೆ ಕಳೆದುಹೋದ ಕೋವಿ ಯಾರ ಕೈಸೇರಿ ಯಾರ ಎದೆಗೆ ಗುರಿಯಾದೀತೆಂದು ಯಾವ ಠಾಣೆಯವರು ಹೇಳಬಲ್ಲರು? ಆಗ ನಡುಕ ಬಂದದ್ದು ಕಲಮುಗಳಿಂದಲ್ಲ.

1975ರ ‘ಶೋಲೆ’ ಚಿತ್ರಕ್ಕಾಗಿ ಇದೇ ಊರಿನ ಬಂಡೆಗಳ ನಡುವೆ ಎಷ್ಟು ಗುಂಡು ಹಾರಿದ್ದವೋ! ನಾನು ಗುಂಡಿಲ್ಲದ ಕೋವಿಯ ಕಾವಲಿನಲ್ಲಿ ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಂತೆ. ಫೋನು ಮಾಡಿದರೆ ಮಾವನ ಫೋನು ಕಾರಿನ ಸೀಟಿನ ಮೇಲೆಯೇ ಹಾಡುತ್ತಿತ್ತು.

ಬಂದ ಮಾವನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. “ನಮ್ಮಪ್ಪ ಇದನ್ನು ಜಗಲಿಗೆ ಒರಗಿಸಿ ಊಟಕ್ಕೆ ಹೋಗುತ್ತಿದ್ದರು. ಅವರು ಮಾಡಿದ್ದೆಂದು ನಾನೂ ಮೈಮರೆತೆ. ಆ ಹುಡುಗರಿಗೆ ಏನಾದರೂ ಆಗಿದ್ದಿದ್ದರೆ?” ಎಂದು ತಾವೇ ಡಿಕ್ಕಿ ತೆರೆಸಿ, ಚೀಲವನ್ನು ಮುಟ್ಟಿ ನೋಡಿ, “ಮೊದಲು ಗೇಟಿನ ಹೊರಗೆ ನಡಿ” ಎಂದರು.

ಕಚೇರಿಯ ಕೆಲಸ ಮುಗಿದಾಗ ಎರಡು ಗಂಟೆ. ದಾರಿಯಲ್ಲಿ ಹೋಟೆಲೊಂದರ ಮುಂದೆ ನಿಲ್ಲಿಸಿದೆ. ಮಾವ ಇಳಿಯಲಿಲ್ಲ. ಮಸಾಲೆದೋಸೆಯನ್ನು ಕಟ್ಟಿಸಿಕೊಂಡು ಕಾರಿಗೇ ತಂದೆ. ಹಿಂದಿನ ಸೀಟಿನಲ್ಲಿ ಚೀಲದ ಪಕ್ಕ ಕುಳಿತು ತಿಂದರು.